ವರದಿಯಲ್ಲಿ ಹನ್ನೆರಡು ಪಂಪ್, ಊರಲ್ಲಿ ನಾಲ್ಕು

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ಸಿವಿಲ್ ಎಂಜಿನಿಯರ್. 2023ರ ಜನವರಿಯಿಂದ 14 ತಿಂಗಳು ಆಫ್ರಿಕಾದ ಮಲಾವಿಯಲ್ಲಿ ಸ್ವಯಂಸೇವಕಿಯಾಗಿದ್ದೆ. ರಾಜಧಾನಿ ಲಿಲಾಂಗ್ವೆಯಿಂದ ಎರಡು ಗಂಟೆ ದೂರದ ಹಳ್ಳಿಗಳಲ್ಲಿ 12 ಆಫ್ರಿಡೆವ್ ಕೈಪಂಪುಗಳಿದ್ದವು. ಒಂದೊಂದು ಪಂಪಿಗೂ ಊರವರದೇ ನೀರಿನ ಸಮಿತಿ ಮಾಡಿಸಿದೆ. ರಿಪೇರಿಗೆ ಅಂತ ಮನೆಗೆ ತಿಂಗಳಿಗೆ 200 ಕ್ವಾಚಾ (ಅಲ್ಲಿನ ನಾಣ್ಯ) ವಂತಿಗೆ ಇಟ್ಟೆವು. ಹೊರಡುವಾಗ 'ಹನ್ನೆರಡೂ ಸಮಿತಿ ಚೆನ್ನಾಗಿ ನಡೆಯುತ್ತಿವೆ' ಎಂದು ವರದಿ ಬರೆದೆ. ಬಂದು ವರ್ಷವಾಗುತ್ತಾ ಬಂತು. ಅಲ್ಲಿನ ಮೆಕ್ಯಾನಿಕ್ ವಾಟ್ಸಾಪ್ ಮಾಡಿದ್ದಾರೆ. 8 ಪಂಪ್ ನಿಂತಿವೆಯಂತೆ. ಜನ ವಂತಿಗೆ ಕೊಡುತ್ತಿಲ್ಲ, ಒಂದು ಊರಲ್ಲಂತೂ ಖಜಾಂಚಿ ದುಡ್ಡು ತಿಂದರು ಅಂತ ಜಗಳ. ಇತ್ತ ಶಿವಮೊಗ್ಗದಲ್ಲಿ ನಾನು ಓದಿದ ಕಾಲೇಜಿನವರು ಅನುಭವ ಹೇಳಲು ಕರೆದಿದ್ದಾರೆ. ಕಳಿಸಿದ ಸಂಸ್ಥೆಯವರು 'ಒಳ್ಳೆಯದನ್ನಷ್ಟೇ ಹೇಳಿ' ಅನ್ನುತ್ತಾರೆ. ನಾನು ಏನು ಹೇಳಲಿ? ಈ ತಪ್ಪಿನಿಂದ ಕಲಿಯುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣಿಗೆ ಬಿದ್ದಿದ್ದು ನಿಂತುಹೋದ 8 ಪಂಪ್. ಎರಡನೇ ಸಲ ಇನ್ನೊಂದು ಕಂಡಿತು. ಪತ್ರದಲ್ಲಿ ನೀವಿದ್ದೀರಿ, ಸಂಸ್ಥೆ ಇದೆ, ಕಾಲೇಜಿದೆ. ಆ ಎಂಟು ಊರಿನವರು ಇವತ್ತು ಎಲ್ಲಿಂದ ನೀರು ಹೊರುತ್ತಿದ್ದಾರೆ ಅನ್ನುವುದು ಮಾತ್ರ ಇಲ್ಲ. ಬೈಯಬೇಕು ಅಂತ ಹೇಳುತ್ತಿಲ್ಲ. ನೀವು ನೊಂದಿದ್ದೀರಿ, ಅದು ಸಾಲು ಸಾಲಿನಲ್ಲೂ ಗೊತ್ತಾಗುತ್ತೆ. ಆದರೆ ಕಲಿಯುವ ಕೆಲಸ ಶುರುವಾಗುವುದು ಅಲ್ಲಿಂದಲೇ. ತಪ್ಪು ನಿಮ್ಮದಿರಬಹುದು, ಬೆಲೆ ತೆರುತ್ತಿರುವವರು ಅವರು. ಹಾಗಾಗಿ ಲೆಕ್ಕ ಮೊದಲು ಅವರಿಗೆ ಒಪ್ಪಿಸಬೇಕು. ಕಾಲೇಜಿಗೆ ಆಮೇಲೆ.

ಇದನ್ನು ನಾನು ಕಲಿತಿದ್ದು ತಡವಾಗಿ. ಅದನ್ನು ಹೇಳದೆ ನಿಮಗೆ ಸಲಹೆ ಕೊಟ್ಟರೆ ಸರಿಯಾಗಲ್ಲ.

1990ರ ದಶಕದಲ್ಲಿ ನಾನು ಎರಡು ವರ್ಷ ಉಗಾಂಡದಲ್ಲಿದ್ದೆ. ಅದಕ್ಕೂ ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿ ಬೋರ್‌ವೆಲ್ ಕೈಪಂಪುಗಳ ಕೆಲಸ ಮಾಡಿದ್ದೆ. ನಮ್ಮೂರುಗಳಲ್ಲಿ ಶಾಲೆ ಮುಂದೆ, ಬಸ್ ಸ್ಟ್ಯಾಂಡ್ ಹತ್ತಿರ ಇರುತ್ತಲ್ಲ, ಆ ಉದ್ದ ಹಿಡಿಯ ಪಂಪ್, ಅದರ ಹೆಸರು ಇಂಡಿಯಾ ಮಾರ್ಕ್ 2. ಸೊಲ್ಲಾಪುರದ ಒಂದು ಪಂಪನ್ನು ಮಾದರಿಯಾಗಿ ಇಟ್ಟುಕೊಂಡು, 1970ರ ದಶಕದಲ್ಲಿ ಯುನಿಸೆಫ್ ನೆರವಿನಿಂದ ನಮ್ಮ ದೇಶದಲ್ಲೇ ರೂಪಿಸಿದ್ದು. ಅದೇ ಪಂಪ್ ಆಫ್ರಿಕಾಕ್ಕೂ ಹೋಯಿತು. ಉಗಾಂಡದಲ್ಲಿ ಅದನ್ನು ಯು2 ಅನ್ನುತ್ತಾರೆ. ಹಾಗಾಗಿ ನಾನು ಅಲ್ಲಿ ಇಳಿದಾಗ ಎಲ್ಲಾ ಗೊತ್ತಿದೆ ಅನ್ನುವ ಧೈರ್ಯದಲ್ಲೇ ಇಳಿದೆ. ಚೈನು, ಹಿಡಿ, ವಾಷರ್, ಕಣ್ಣು ಮುಚ್ಚಿ ಬಿಚ್ಚಬಲ್ಲೆ.

ನಾವು ಹಾಕಿದ ಪಂಪುಗಳಲ್ಲಿ ನೀರು ಚೆನ್ನಾಗಿ ಬರುತ್ತಿತ್ತು. ಆದರೂ ಆರೇಳು ತಿಂಗಳಲ್ಲಿ ಹೆಂಗಸರು ಒಬ್ಬೊಬ್ಬರಾಗಿ ಹಳೇ ಒರತೆಗೆ ಹೋಗಲು ಶುರು ಮಾಡಿದರು. ನಾನು ಬಂದು ಬಂದು ಪಂಪ್ ಬಿಚ್ಚಿ ನೋಡುತ್ತಿದ್ದೆ. ವಾಷರ್ ಸರಿ ಇದೆ. ಚೈನು ಸರಿ ಇದೆ. ಜನರಿಗೆ ಶುದ್ಧ ನೀರಿನ ಬೆಲೆ ಗೊತ್ತಿಲ್ಲ ಅಂತ ತೀರ್ಮಾನ ಮಾಡಿದೆ. ವರದಿಯಲ್ಲೂ ಹಾಗೇ ಬರೆದೆ.

ಒಂದು ದಿನ ಒಬ್ಬ ಹೆಂಗಸು ನನ್ನನ್ನು ಮನೆಗೆ ಕರೆದರು. ಎರಡು ಲೋಟ ಇಟ್ಟರು. ಒಂದಕ್ಕೆ ಒರತೆ ನೀರಲ್ಲಿ ಮಾಡಿದ ಚಹಾ ಬಗ್ಗಿಸಿದರು, ಇನ್ನೊಂದಕ್ಕೆ ಪಂಪಿನ ನೀರಿನದು. ಮೊದಲನೆಯದು ಚಹಾದ ಬಣ್ಣಕ್ಕೇ ಇತ್ತು. ಎರಡನೆಯದು ಶಾಯಿ. ಕಪ್ಪಗೆ, ಮೇಲೆ ತೆಳ್ಳಗೆ ಕೆನೆಯ ಹಾಗೆ ಒಂದು ಪದರ. ಆಮೇಲೆ ಮಗನ ಬಿಳಿ ಯೂನಿಫಾರಂ ಅಂಗಿ ತಂದು ಬಿಡಿಸಿ ತೋರಿಸಿದರು. ಅದರ ತುಂಬಾ ತುಕ್ಕಿನ ಕಲೆ. ಏನೂ ಮಾತಾಡಲಿಲ್ಲ. ಮಾತಾಡುವುದಕ್ಕೆ ಏನು ಉಳಿದಿತ್ತು?

ನನಗೆ ನಾಚಿಕೆಯಾದದ್ದು ಇದು ಹೊಸದು ಅಂತಲ್ಲ, ಹಳೆಯದು ಅಂತ. ನಮ್ಮನೆ ಸಾಗರದ ಹತ್ತಿರ. ಕೇರಿಗೆ ಬೋರ್‌ವೆಲ್ ಬಂದಾಗ ಬೆಳಿಗ್ಗೆ ಮೊದಲು ಹೊಡೆದ ನೀರು ಕೆಂಪಗೆ ಬರುತ್ತಿತ್ತು. ಅಮ್ಮ ಅದನ್ನು ಬಚ್ಚಲ ಹಂಡೆಗೆ ಮಾತ್ರ ಹಾಕುತ್ತಿದ್ದರು. ಅಡುಗೆಗೆ ಬಾವಿ ನೀರೇ. 'ಬೋರಿನ ನೀರಲ್ಲಿ ಅನ್ನ ಮಾಡಿದರೆ ಹಳದಿ ತಿರುಗುತ್ತೆ, ಚಹಾ ಕಪ್ಪಾಗುತ್ತೆ' ಅನ್ನುತ್ತಿದ್ದರು. ಜಂಬಿಟ್ಟಿಗೆ ಮಣ್ಣಿನ ಊರಲ್ಲಿ ಇದು ಮಕ್ಕಳಿಗೂ ಗೊತ್ತು. ಅಂಥ ಮಣ್ಣಿನ ನೀರಿಗೆ ಸ್ವಲ್ಪ ಹುಳಿ ಗುಣ ಜಾಸ್ತಿ. ಅದು ಜಿಐ ಪೈಪಿನ, ಅಂದರೆ ಈ ಪಂಪಿನ ಕಬ್ಬಿಣದ ಪೈಪಿನ, ಸತುವಿನ ಲೇಪ ತಿಂದು, ಆಮೇಲೆ ಕಬ್ಬಿಣವನ್ನೇ ತಿನ್ನುತ್ತೆ. ಕಬ್ಬಿಣ ಚಹಾದ ಒಗರಿನ ಜೊತೆ ಸೇರಿದರೆ ಕಪ್ಪು. ಪರೀಕ್ಷೆ ಮಾಡಲು ಲ್ಯಾಬೂ ಬೇಡ. ರಾತ್ರಿಯಿಡೀ ನಿಂತ ನೀರು ಬೆಳಿಗ್ಗೆ ಕೆಂಪಗಿದ್ದು, ಸುಮಾರು ಹೊತ್ತು ಹೊಡೆದ ಮೇಲೆ ತಿಳಿಯಾದರೆ ತುಕ್ಕು ಪೈಪಿನದು. ಎಷ್ಟು ಹೊಡೆದರೂ ಕೆಂಪಗೇ ಇದ್ದರೆ ಕಬ್ಬಿಣ ನೆಲದ್ದು. ಅಮ್ಮನ ಹಂಡೆ ನೋಡಿಕೊಂಡೇ ಬೆಳೆದವನು ನಾನು. ಆದರೂ ಪಂಪ್ ಬಿಚ್ಚಿ ನೋಡಿದೆನೇ ಹೊರತು ನೀರು ಕುಡಿದು ನೋಡಲಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಆಮೇಲಿನದು. ನನ್ನ ಮೊದಲ ವರದಿಯನ್ನು ನಾನು ತಿದ್ದಲಿಲ್ಲ. 'ಜನರಿಗೆ ಅರಿವು ಕಡಿಮೆ' ಅನ್ನುವ ಸಾಲು ಹಾಗೇ ಉಳಿಯಿತು. ನನ್ನ ಜಾಗಕ್ಕೆ ಬಂದವರು ಅದನ್ನೇ ಓದಿಕೊಂಡು, ಒಂದು ವರ್ಷ ಆ ಹೆಂಗಸರಿಗೇ ಶುದ್ಧ ನೀರಿನ ಬಗ್ಗೆ ಜಾಗೃತಿ ಸಭೆ ಮಾಡಿದರು. ಶಾಯಿ ಬಣ್ಣದ ಚಹಾ ಕುಡಿದವರಿಗೆ ನೀರಿನ ಪಾಠ.

ಜಿಐ ಪೈಪಿನ ಈ ತೊಂದರೆ ಪಶ್ಚಿಮ ಆಫ್ರಿಕಾದಲ್ಲಿ 1980ರ ದಶಕದಲ್ಲೇ ಗೊತ್ತಾಗಿತ್ತು. 1994ರಲ್ಲಿ ವಿಶ್ವ ಬ್ಯಾಂಕ್ ಈ ತುಕ್ಕಿನ ಬಗ್ಗೆಯೇ ಒಂದು ಅಧ್ಯಯನ ಪ್ರಕಟಿಸಿತು. ಉಗಾಂಡ ಸರ್ಕಾರ ಕೈಪಂಪುಗಳಿಗೆ ಜಿಐ ಪೈಪ್ ಬಳಸುವುದನ್ನು ನಿಲ್ಲಿಸಿದ್ದು 2016ರಲ್ಲಿ. ನಡುವೆ ಎಷ್ಟು ವರ್ಷ ನೋಡಿ. ಆ ವರ್ಷಗಳಲ್ಲಿ ಎಷ್ಟೋ ಜನ ಕೆಂಪು ನೀರನ್ನು ಕಣ್ಣಾರೆ ಕಂಡಿರುತ್ತಾರೆ, ಕಂಡು ನನ್ನ ಹಾಗೆ 'ಪಂಪ್ ಅಳವಡಿಸಲಾಗಿದೆ' ಅಂತ ಬರೆದು ಊರಿಗೆ ಬಂದಿರುತ್ತಾರೆ. ಸುಮ್ಮನಿದ್ದವರಲ್ಲಿ ನಾನೂ ಒಬ್ಬ. ಅದಕ್ಕೇ ನೀವು ಸುಮ್ಮನಿರಬಾರದು ಅಂತ ಇಷ್ಟು ಒತ್ತಾಯ ಮಾಡುತ್ತಿರುವುದು.

ಇನ್ನೊಂದು ಮಾತು. ಮಾರ್ಕ್ 2 ಪಂಪ್ ಕೆಟ್ಟರೆ ಬಾವಿಯೊಳಗಿನ ಕಬ್ಬಿಣದ ಪೈಪನ್ನೆಲ್ಲ ಎತ್ತಬೇಕು. ಅದಕ್ಕೆ ನಾಲ್ಕೈದು ಜನ ಬೇಕು, ಸರಂಜಾಮು ಬೇಕು, ಗಾಡಿ ಬೇಕು. ನಮ್ಮಲ್ಲಿ ಅದಕ್ಕೆ ಅಂತ ಸರ್ಕಾರಿ ಗಾಡಿ, ಮೆಕ್ಯಾನಿಕ್ ತಂಡ ಇತ್ತು. ಬರುವುದು ತಡವಾಗುತ್ತಿತ್ತು, ಆದರೂ ಇತ್ತು. ಪಂಪ್ ಆಫ್ರಿಕಾಕ್ಕೆ ಹೋಯಿತು, ಜೀಪ್ ಹೋಗಲಿಲ್ಲ. ಒಂದು ಊರಿನಿಂದ ಇನ್ನೊಂದು ಊರಿಗೆ ಏನನ್ನೇ ಒಯ್ದರೂ ಅದರ ಬೆನ್ನ ಹಿಂದೆ ನಿಂತಿದ್ದು ಯಾವುದು ಅಂತ ಕೇಳಿಕೊಳ್ಳಬೇಕು. ನಿಮ್ಮ ವಿಷಯಕ್ಕೆ ಇದೇ ಮುಖ್ಯ.

ನಿಮ್ಮ ಪಂಪ್ ಆಫ್ರಿಡೆವ್. ಅದು ಬೆಳೆದಿದ್ದೇ 1980ರ ದಶಕದಲ್ಲಿ ಮಲಾವಿ ಮತ್ತು ಕೀನ್ಯಾದ ಹಳ್ಳಿಗಳಲ್ಲಿ. ಪೈಪ್ ಪಿವಿಸಿ, ತುಕ್ಕಿನ ಗೋಳಿಲ್ಲ. ಒಂದೇ ಸ್ಪ್ಯಾನರ್‌ನಲ್ಲಿ ತಲೆ ಬಿಚ್ಚಬಹುದು, ಅಡಿಯ ವಾಲ್ವನ್ನು ಪೈಪ್ ಎತ್ತದೆ ಗಾಳ ಹಾಕಿದ ಹಾಗೆ ಮೇಲೆ ತರಬಹುದು. ಯು-ಸೀಲ್, ಓ-ರಿಂಗ್, ಪ್ಲಾಸ್ಟಿಕ್ ಬೇರಿಂಗ್ ಇವು ಸವೆಯುತ್ತವೆ, ಕಾಲಕಾಲಕ್ಕೆ ಬದಲಿಸಬೇಕು. ಊರವರೇ ಮಾಡಬಹುದಾದ ಕೆಲಸ. ಅಂದರೆ ತೊಡಕು ಪಂಪಿನಲ್ಲಿಲ್ಲ, ಸೀಲ್ ಕೊಳ್ಳುವ ದುಡ್ಡಿನಲ್ಲಿದೆ. ನನ್ನ ಅನುಮಾನ ನಿಮ್ಮ ಪತ್ರದ ಒಂದೇ ಪದದ ಮೇಲೆ: 'ತಿಂಗಳಿಗೆ'.

ಯಾರ ಕೈಲಿ ತಿಂಗಳು ತಿಂಗಳು ದುಡ್ಡಿರುತ್ತೆ? ಸಂಬಳದವರ ಕೈಲಿ. ನಿಮ್ಮ ತಂದೆ ತಿಂಗಳಿಗೆ ಇಷ್ಟು ಅಂತ ಎಲ್ಲಿಗಾದರೂ ಕಟ್ಟಿದ್ದು ನೆನಪಿದೆಯಾ? ತೀರ್ಥಹಳ್ಳಿ ಕಡೆ ಅಂಗಡಿ ಬಾಕಿಯಿಂದ ಸೊಸೈಟಿ ಸಾಲದವರೆಗೆ ಎಲ್ಲಕ್ಕೂ ಒಂದೇ ಮಾತು: 'ಅಡಿಕೆ ಕೊಟ್ಟ ಮೇಲೆ.' ಕೊಯ್ಲು ಮುಗಿಯಬೇಕು, ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು, ಮಂಡಿಗೆ ಹೋಗಬೇಕು. ಆಮೇಲೆ ಕೈಗೆ ಕಾಸು. ನಮ್ಮ ಸಹಕಾರ ಸಂಘಗಳು ಬಾಳಿದ್ದೇ ಈ ಲಯ ಗೊತ್ತಿದ್ದರಿಂದ.

ನೀವಿದ್ದ ಸೀಮೆಯಲ್ಲೂ ಲಯ ಇದೆ. ಮಳೆ ನವೆಂಬರಿನಿಂದ ಏಪ್ರಿಲ್‌ವರೆಗೆ. ಮೆಕ್ಕೆಜೋಳದ ಕೊಯ್ಲು ಏಪ್ರಿಲ್ ಹೊತ್ತಿಗೆ, ತಂಬಾಕು ಹರಾಜು ಅದರ ಬೆನ್ನಿಗೇ. ಕೈಯಲ್ಲಿ ಕಾಸಿರುವುದು ಆಗ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಣಜ ಬರಿದು, ಊಟಕ್ಕೇ ತತ್ವಾರ. ಆ ತಿಂಗಳುಗಳಲ್ಲೇ ಮಳೆ ನೀರು ಮನೆ ಪಕ್ಕದ ಗುಂಡಿಯಲ್ಲೂ ಸಿಗುತ್ತೆ. ಹೊಟ್ಟೆಗಿಲ್ಲದ ಹೊತ್ತಲ್ಲಿ, ಪಕ್ಕದಲ್ಲೇ ನೀರಿರುವಾಗ, ಪಂಪಿಗೆ 200 ಕ್ವಾಚಾ ಯಾರು ಕೊಡುತ್ತಾರೆ? ಎರಡು ತಿಂಗಳು ತಪ್ಪಿತು ಅಂದರೆ ಬಾಕಿ ಬೆಳೆಯುತ್ತೆ. ಬಾಕಿ ಇರುವವರು ಸಭೆಗೆ ಬರಲು ಹಿಂಜರಿಯುತ್ತಾರೆ. ಸಭೆ ನಿಲ್ಲುತ್ತೆ. ಸಭೆ ನಿಂತರೆ ಖಜಾಂಚಿ ಲೆಕ್ಕ ಹೇಳಲು ಜಾಗವೇ ಇಲ್ಲ. ಲೆಕ್ಕ ಹೇಳದವರು ದುಡ್ಡು ತಿಂದರು ಅಂತ ಮಾತು ಹುಟ್ಟಲು ಎಷ್ಟು ಹೊತ್ತು? ಆ ಖಜಾಂಚಿ ಕದ್ದರೋ ಇಲ್ಲವೋ ನಾನು ಇಲ್ಲಿ ಕೂತು ಹೇಳಲಾರೆ. ನೀವೂ ಕಾಲೇಜಿನಲ್ಲಿ ಆ ಮಾತು ಎತ್ತಲೇಬೇಡಿ. ಆದರೆ ಯಾರೂ ಕದಿಯದೆಯೂ ಇಷ್ಟೆಲ್ಲ ಆಗಬಹುದು ಅನ್ನುವುದನ್ನು ನೋಡಿದ್ದೇನೆ.

ಇನ್ನು, ಎಲ್ಲವನ್ನೂ ನಿಮ್ಮ ತಲೆಗೇ ಕಟ್ಟಿಕೊಳ್ಳುವುದೂ ಸರಿಯಲ್ಲ. ನೀವು ಅಲ್ಲಿದ್ದಾಗಲೇ, 2023ರ ನವೆಂಬರ್‌ನಲ್ಲಿ, ಮಲಾವಿ ತನ್ನ ನಾಣ್ಯದ ಬೆಲೆ ಇಳಿಸಿತು. ಡಾಲರಿಗೆ ಸುಮಾರು 1180 ಇದ್ದ ಕ್ವಾಚಾ ಒಂದೇಟಿಗೆ 1700 ಆಯಿತು. ಹೊರಗಿನಿಂದ ಬರುವ ಬಿಡಿಭಾಗದ ಬೆಲೆ ಏರಿತು, ನಿಮ್ಮ 200 ಮಾತ್ರ 200 ಆಗಿಯೇ ಉಳಿಯಿತು. ನೀವು ಹೊರಟ 2024ರ ಮಾರ್ಚ್‌ನಲ್ಲೇ, ಎಲ್ ನಿನೋ ಬರಗಾಲದಿಂದ 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಪರಿಸ್ಥಿತಿ ಘೋಷಣೆಯಾಯಿತು. ಕೊಯ್ಲೇ ಇಲ್ಲದ ವರ್ಷ ವಂತಿಗೆ ಎಲ್ಲಿಂದ ಬರಬೇಕು? ಈ ಎರಡನ್ನೂ ನೀವು ತಡೆಯುವ ಹಾಗಿರಲಿಲ್ಲ. ಆದರೆ ಬರ ಬಂದರೆ, ಬೆಲೆ ಏರಿದರೆ ಏನು ಮಾಡೋಣ ಅಂತ ಸಮಿತಿಯ ಜೊತೆ ಒಂದು ಸಂಜೆಯೂ ಮಾತಾಡಿರದಿದ್ದರೆ, ಅದು ನಿಮ್ಮದು. ಗೆರೆ ಇಷ್ಟು ಸಣ್ಣದಾಗಿ ಎಳೆಯಬೇಕು. 'ಸಮುದಾಯದ ಸಹಭಾಗಿತ್ವ ಸಾಲಲಿಲ್ಲ' ಅಂತ ದೊಡ್ಡ ಮಾತಲ್ಲಿ ಒಪ್ಪಿಕೊಂಡರೆ ಯಾರಿಗೂ ಏನೂ ಸಿಗಲ್ಲ. 'ಇಂಥ ತಿಂಗಳು, ಇಂಥ ಸಭೆಯಲ್ಲಿ, ಮಾಸಿಕ ವಂತಿಗೆ ಅಂತ ನಾನೇ ಹೇಳಿದೆ. ನಿಮಗೆ ದುಡ್ಡು ಯಾವಾಗ ಬರುತ್ತೆ ಅಂತ ಕೇಳಲಿಲ್ಲ' ಅಂತ ಬರೆದರೆ, ಮುಂದೆ ಹೋಗುವವರು ಆ ಒಂದು ಪ್ರಶ್ನೆ ಕೇಳುತ್ತಾರೆ.

ಈಗ ಮಾಡಬೇಕಾದ್ದು. ಆ ಮೆಕ್ಯಾನಿಕ್‌ಗೆ ಫೋನ್ ಮಾಡಿ. 'ಏನು ಸಮಸ್ಯೆ?' ಅಂತ ಕೇಳಬೇಡಿ. ಹಾಗೆ ಕೇಳಿದರೆ ಜನ ದುಡ್ಡು ಕಳಿಸುವವರಿಗೆ ಹೇಳುವ ಉತ್ತರ ಹೇಳುತ್ತಾರೆ. ಅದರಲ್ಲಿ ಅವರ ತಪ್ಪೇನಿಲ್ಲ, ನಮ್ಮಂಥವರೇ ಅವರಿಗೆ ಆ ಅಭ್ಯಾಸ ಮಾಡಿಸಿದ್ದು. ಬದಲಿಗೆ ಒಂದೇ ಒಂದು ಪಂಪ್ ಹಿಡಿದುಕೊಳ್ಳಿ. ಅದು ಯಾವ ದಿನ ನಿಂತಿತು? ಮೊದಲು ಕಂಡಿದ್ದು ಯಾರು? ಅವರು ಯಾರ ಹತ್ತಿರ ಹೋದರು? ಅವತ್ತು ನೀರು ಎಲ್ಲಿಂದ ತಂದರು? ಇವತ್ತು ಎಲ್ಲಿಂದ? ನಿಲ್ಲದ 4 ಪಂಪ್ ಯಾವುವು, ಅಲ್ಲಿ ಏನು ಬೇರೆ ಮಾಡಿದರು? ಈ ಕೊನೆಯದು ಬಹಳ ಬೆಲೆಯ ಪ್ರಶ್ನೆ. ಆ ನಾಲ್ಕು ಊರಿನವರು ನಿಮ್ಮ ನಿಯಮವನ್ನು ನಿಮಗೆ ಹೇಳದೆ ತಿದ್ದಿಕೊಂಡಿರಬಹುದು. ಕೊಯ್ಲಿನಲ್ಲಿ ಮನೆಗೊಂದು ಬಕೆಟ್ ಮೆಕ್ಕೆಜೋಳ ಅಂತ ಮಾಡಿಕೊಂಡಿರಬಹುದು. ಸಾಧ್ಯವಾದರೆ ಫೋನನ್ನು ನೀರು ಹೊರುವ ಹೆಂಗಸರ ಕೈಗೂ ಕೊಡಿಸಿ. ಅರ್ಧ ಚಿಚೇವ, ಅರ್ಧ ಇಂಗ್ಲಿಷ್ ಆದರೂ ಪರವಾಗಿಲ್ಲ. ತಿಂಗಳ ವಂತಿಗೆ ಅಂದಿದ್ದು ನನ್ನ ತಪ್ಪು ಅಂತ ಅವರಿಗೇ ಹೇಳಿ. ಅವರು 'ಅಲ್ಲ, ಕಾರಣ ಬೇರೆ' ಅಂದರೆ ನನ್ನ ಈ ಅನುಮಾನವನ್ನೆಲ್ಲ ಪಕ್ಕಕ್ಕಿಟ್ಟು ಅವರು ಹೇಳಿದ್ದನ್ನು ಬರೆದುಕೊಳ್ಳಿ.

ದುಡ್ಡು ಕಳಿಸಬೇಕಾ? ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇದ್ದೇ ಇರುತ್ತೆ. ತಕ್ಷಣ ಬೇಡ ಅಂತಲೇ ನನ್ನ ಸಲಹೆ. ಕಳಿಸಿದರೆ ಎಂಟೂ ಪಂಪ್ ಒಂದು ಸಲ ರಿಪೇರಿಯಾಗುತ್ತವೆ, ಮುಂದಿನ ವರ್ಷ ಮತ್ತೆ ನಿಲ್ಲುತ್ತವೆ. ಆದರೆ ಮಕ್ಕಳು ಗುಂಡಿ ನೀರು ಕುಡಿಯುತ್ತಿದ್ದಾರೆ ಅಂತ ಗೊತ್ತಾದರೆ ನಿಯಮ ಹಿಡಿದು ಕೂರಬೇಡಿ. ವಾಂತಿಭೇದಿ ನಮ್ಮ ಕಲಿಕೆ ಮುಗಿಯುವವರೆಗೆ ಕಾಯಲ್ಲ. 'ಇದು ಒಂದು ಸಲಕ್ಕೆ, ನನ್ನ ತಪ್ಪಿನ ಬಾಬ್ತು' ಅಂತ ಎಲ್ಲರ ಮುಂದೆ ಹೇಳಿಸಿ, ಸೀಲು ಬೇರಿಂಗಿಗೆ ಆಗುವಷ್ಟು ಕಳಿಸಿ.

ಸಂಸ್ಥೆಯವರಿಗೆ ತಿದ್ದುಪಡಿ ವರದಿ ಬರೆದು ಕೊಡಿ. ಎರಡು ಪುಟ ಸಾಕು. ಅವರು ಹೆದರುವುದು ದಾನಿಗಳು ಹಿಂದೆ ಸರಿದಾರು ಅಂತ. ಆ ಹೆದರಿಕೆ ಸುಳ್ಳಲ್ಲ. ಆದರೂ ಕೆನಡಾದ ಎಂಜಿನಿಯರ್ಸ್ ವಿತೌಟ್ ಬಾರ್ಡರ್ಸ್ ಸಂಸ್ಥೆ 2008ರಲ್ಲಿ ತನ್ನ ಸೋಲುಗಳದ್ದೇ ಒಂದು ವಾರ್ಷಿಕ ವರದಿ ಶುರು ಮಾಡಿತು, ದಾನಿಗಳೂ ಓದಲಿ ಅಂತ ಎಲ್ಲರ ಮುಂದಿಟ್ಟಿತು. ನೀವಿದ್ದ ಮಲಾವಿಯಲ್ಲೇ ಪ್ಲೇಪಂಪ್‌ಗಳ ಅವಸ್ಥೆಯನ್ನು ಬಯಲಿಗೆ ತಂದವರಲ್ಲಿ ಆ ಸಂಸ್ಥೆಯ ಸ್ವಯಂಸೇವಕರೂ ಇದ್ದರು. ಮಕ್ಕಳು ತಿರುಗುವ ಚಕ್ರದಲ್ಲಿ ಆಡಿದರೆ ನೀರು ಟ್ಯಾಂಕಿಗೆ ಏರುವ ಪಂಪ್ ಅದು. 2006ರಲ್ಲಿ ಅಮೆರಿಕ ದೊಡ್ಡ ನೆರವು ಘೋಷಿಸಿತು, 2010ರ ಹೊತ್ತಿಗೆ 4000 ಪಂಪ್ ಹಾಕುವ ಗುರಿ ಇತ್ತು. ಮಕ್ಕಳಿಗೆ ಆಟ ಬೇಸರವಾದ ಮೇಲೆ ಆ ಭಾರದ ಚಕ್ರವನ್ನು ಬೆನ್ನು ಬಗ್ಗಿಸಿ ತಳ್ಳಿದ್ದು ಹೆಂಗಸರು. ಇದ್ದ ಕೈಪಂಪು ಕಿತ್ತು ಅದನ್ನು ಹಾಕಿದ ಊರುಗಳೂ ಇದ್ದವು.

ಕಾಲೇಜಿನ ಹುಡುಗರಿಗೆ ಮಾತ್ರ ಇದಕ್ಕಿಂತ ಹತ್ತಿರದ್ದು ಹೇಳಿ ಅನ್ನುತ್ತೇನೆ. ಕುಣಿಗಲ್ ತಾಲ್ಲೂಕಿನಲ್ಲಿ ಪುರ ಅನ್ನುವ ಸಣ್ಣ ಊರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಶುರು ಮಾಡಿದ ಅಸ್ತ್ರ ತಂಡ ಅಲ್ಲಿ ಇಡೀ ಊರಿಗೆ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿತು. ಉದ್ದೇಶ ಅಡುಗೆಗೆ ಗ್ಯಾಸ್. ಅದು ನಡೆಯಲಿಲ್ಲ. ಎಲ್ಲ ಮನೆಯ ಒಲೆಗೆ ಸಾಲುವಷ್ಟು ಗ್ಯಾಸ್ ಬರಲಿಲ್ಲ. ಸೌದೆಗೆ ಜನ ದುಡ್ಡು ಕೊಡುತ್ತಲೂ ಇರಲಿಲ್ಲ. ಊರಿಗೆ ಬೇಕಾಗಿದ್ದು ನೀರು. ತಂಡ ಊರವರ ಮೇಲೆ ತಪ್ಪು ಹೊರಿಸಲಿಲ್ಲ. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ಮಾಡಿ, ಬೋರ್‌ವೆಲ್ ನೀರೆತ್ತಿ ನಲ್ಲಿಗೆ ಬಿಟ್ಟರು, ಮನೆಗೆ ದೀಪ ಕೊಟ್ಟರು. ಸಗಣಿ ತಂದುಕೊಟ್ಟವರಿಗೆ ಸ್ಲರಿ ಗೊಬ್ಬರವಾಗಿ ವಾಪಸ್ ಹೋಯಿತು. ಆಗ ಜನ ಸಗಣಿ ತಂದರು, ಶುಲ್ಕವನ್ನೂ ಕೊಟ್ಟರು. ಮೊದಲು ಆಗದೇ ಹೋದದ್ದನ್ನೂ ಅವರು ಬಚ್ಚಿಡದೆ ಬರೆದರು. ಅದಕ್ಕೇ ನನಗೆ ಆ ಕೆಲಸದ ಮೇಲೆ ಇಷ್ಟು ಗೌರವ.

ನಾವು ಮಲೆನಾಡಿನವರು ನೆರವು ಪಡೆದವರೂ ಹೌದು, ಅದನ್ನೂ ಮರೆಯಬೇಡಿ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಗೆ ವಿಶ್ವ ಬ್ಯಾಂಕ್ ಮತ್ತು ಬ್ರಿಟನ್ ಹಣ ಕೊಟ್ಟಿದ್ದವು. ಆಮೇಲೆ ನಮ್ಮ ಕಡೆ ದನ ಮೇಯುತ್ತಿದ್ದ ಎಷ್ಟೋ ಬ್ಯಾಣಗಳು ಅಕೇಶಿಯಾ ತೋಪಾದವು. ಎಷ್ಟು ಗಿಡ ಬದುಕಿತು ಅಂತ ಎಣಿಸಲು ಎಲ್ಲರೂ ಬಂದರು. ದನ ಎಲ್ಲಿ ಮೇಯುತ್ತಿವೆ ಅಂತ ನಮ್ಮ ಅಪ್ಪನನ್ನು ಯಾರೂ ಕೇಳಲಿಲ್ಲ. ಕಾಲೇಜಿನಲ್ಲಿ ಮಾತಾಡುವಾಗ ಇಲ್ಲಿಂದಲೇ ಶುರು ಮಾಡಿದರೆ ಸಭೆಗೆ ನಿಮ್ಮ ಮಾತು ತಕ್ಷಣ ತಟ್ಟುತ್ತೆ. ಊರಿನ ಹೆಸರು, ಖಜಾಂಚಿಯ ಗುರುತು ಹೇಳಬೇಡಿ. ಮಕ್ಕಳು ಪಂಪ್ ಹೊಡೆಯುವ ಫೋಟೋ ಬೇಡ. 'ನಿಮ್ಮ ಕಥೆ ಹೇಳಬಹುದಾ' ಅಂತ ಆ ಊರವರನ್ನು ಮೊದಲೇ ಕೇಳಿಕೊಳ್ಳಿ. ಬೇಡ ಅಂದರೆ ಹೇಳಬೇಡಿ, ನಿಮ್ಮ ಒಂದು ನಿರ್ಧಾರದ ಬಗ್ಗೆ ಮಾತ್ರ ಮಾತಾಡಿ.

ಫೋನಿಗೆ ಕಾಲೇಜಿನ ದಿನದವರೆಗೆ ಕಾಯಬೇಡಿ. ಈ ವರ್ಷದ ಮೆಕ್ಕೆಜೋಳ ಇನ್ನು ಕೆಲವೇ ವಾರಗಳಲ್ಲಿ ಕೈಗೆ ಬರುತ್ತೆ. ಕೊಯ್ಲಿನ ವಂತಿಗೆ ಅಂತ ಅವರೇ ತೀರ್ಮಾನ ಮಾಡುವುದಾದರೆ ಈಗಲೇ ಆಗಬೇಕು, ದಾಟಿದರೆ ಮತ್ತೆ ಒಂದು ವರ್ಷ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ನೀವು ರಾತ್ರಿ ಎಂಟೂವರೆಗೆ ಫೋನ್ ಮಾಡಿದರೆ ಅಲ್ಲಿ ಸಂಜೆ ಐದು. ನೀರಿಗೆ ಹೋದ ಹೆಂಗಸರು ಮನೆಗೆ ಬಂದಿರುತ್ತಾರೆ.